ಹೆಗಲ ಮೇಲಿದ್ದ ಕೈ

ನನ್ನ ಸೋದರಮಾವ ಡಂಕನ್ ಲೇಂಗ್ ಡಾಲ್ವೆನ್ನಿಗೆ ವಾಪಸು ಬಂದದ್ದು ೧೯೨೮ರ ನವೆಂಬರಿನ ಒಂದು ಶುಕ್ರವಾರ. ನಾನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಿಂದ ಕೆಲಸ ಮುಗಿಸಿ ಬಂದಾಗ ಅವನು ನಮ್ಮ ಮೆಟ್ಟಿಲ ಬುಡದಲ್ಲಿ ತಗಡಿನ ಪೆಟ್ಟಿಗೆಯ ಮೇಲೆ ಕೂತಿದ್ದ. ಹತ್ತಲು ಉಸಿರು ಸಾಲದೆ ಹಾಗೆ ಕೂತಿದ್ದನೆಂದು ನನಗೆ ಆಮೇಲೆ ತಿಳಿಯಿತು. ಆಗ ಯಾರೋ ಸಾಮಾನು ಮಾರುವವನೆಂದುಕೊಂಡೆ.

"ನಮಗೇನೂ ಬೇಡಪ್ಪ," ಎಂದೆ.

"ನಾನೂ ಏನೂ ತಂದಿಲ್ಲ," ಎಂದ. "ಎಫಿ ಮಗಳಲ್ವಾ ನೀನು? ನಡಿಗೆ ನೋಡಿದ್ರೇ ಗೊತ್ತಾಗತ್ತೆ. ಲೇಂಗ್ ಮನೆಯವರೆಲ್ಲ ಹಿಂಗೇ, ಪಾದ ಒಳಕ್ಕೆ ಹಾಕ್ಕೊಂಡು ನಡೆಯೋದು."

ಪೆಟ್ಟಿಗೆಯ ಒಂದು ಕಡೆ ನಾನು ಹಿಡಿದೆ, ಒಂದು ಕಡೆ ಅವನು. ನಡುವೆ ಎರಡು ಸಲ ನಿಂತು ಹತ್ತಿದೆವು. ಅಮ್ಮ ಒಲೆಯ ಮುಂದೆ ಓಟ್ಸ್ ಹಿಟ್ಟಿನಲ್ಲಿ ಹೊರಳಿಸಿದ ಮೀನು ಹುರಿಯುತ್ತಿದ್ದಳು. ತಿರುಗಿ ನೋಡಿದಳು. ಒಡಹುಟ್ಟಿದ ಅಣ್ಣನನ್ನು ಅವಳು ಕೊನೆಯ ಸಲ ನೋಡಿದ್ದು ಹದಿನೇಳನೇ ವಯಸ್ಸಿನಲ್ಲಿ. ಈಗ ಅವಳಿಗೆ ಅರವತ್ತು ದಾಟಿತ್ತು.

"ಬಾಗಿಲು ಹಾಕು ಐಸಾ, ಚಳಿ ಒಳಗೆ ಬರ್ತಿದೆ," ಎಂದಳು. ಆಮೇಲೆ ಇನ್ನೊಂದು ತಟ್ಟೆ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಅಷ್ಟೇ ಸ್ವಾಗತ. ಊಟದ ನಡುವೆ ನನ್ನ ಕಡೆ ತಿರುಗಿ, "ನಿನ್ನ ಮಾವನ್ನ ಕೇಳು, ಉಪ್ಪು ಬೇಕಾ ಅಂತ," ಎಂದಳು. ಮಾವ ನನ್ನ ಕಡೆ ನೋಡಿ, "ಬೇಡ ಅಂತ ಹೇಳು, ಮೀನು ಬಹಳ ಚೆನ್ನಾಗಿದೆ ಅಂತಲೂ ಹೇಳು," ಎಂದ. ಆ ಚಳಿಗಾಲದ ಬಹುಭಾಗ ಅವರಿಬ್ಬರ ಮಾತು ಹೀಗೆ ನನ್ನ ಮೂಲಕವೇ ನಡೆಯಿತು.

ಡಂಕನ್ ಲೇಂಗ್ ಯಾರು ಎಂಬುದು ಡಾಲ್ವೆನ್ನಿನ ಹಳಬರಿಗೆಲ್ಲ ಗೊತ್ತಿತ್ತು. ನಮ್ಮ ಫುಟ್‌ಬಾಲ್ ಕ್ಲಬ್ಬು ಮೂರು ಸಲ ಸ್ಕಾಟ್ಲೆಂಡಿನ ಕಪ್ ಗೆದ್ದ ಕ್ಲಬ್ಬು. ಗ್ಲಾಸ್ಗೋದ ದೊಡ್ಡ ದೊಡ್ಡ ತಂಡಗಳು ಇನ್ನೂ ಚೆಂಡಿಗೆ ಎಲ್ಲಿ ಒದೆಯಬೇಕೆಂದು ಕಲಿಯುತ್ತಿದ್ದ ಕಾಲದಲ್ಲಿ ನಮ್ಮ ಬಣ್ಣದ ಕಾರ್ಖಾನೆಯ ಹುಡುಗರು, ಮೊಣಕೈವರೆಗೆ ಕೆಂಪು ಹತ್ತಿದ ಕೈಗಳಲ್ಲೇ ಹೋಗಿ, ಕಪ್ ತಂದವರು. ಮೂರನೇ ಕಪ್ಪಿನ ಎರಡು ಗೋಲೂ ಮಾವನವು. ಇಂಗ್ಲೆಂಡಿನ ವಿರುದ್ಧ ದೇಶಕ್ಕಾಗಿ ಒಂದು ಸಲ ಆಡಿದ್ದ; ಅದಕ್ಕೆ ಕೊಟ್ಟ ನೀಲಿ ಮಖಮಲ್ಲಿನ ಟೋಪಿ ಆ ತಗಡಿನ ಪೆಟ್ಟಿಗೆಯಲ್ಲಿತ್ತು.

ಆ ಕಾಲದಲ್ಲಿ ನಮ್ಮಲ್ಲಿ ಆಡುವುದಕ್ಕೆ ಸಂಬಳ ಪಡೆಯುವುದೆಂದರೆ ಭಾನುವಾರ ಇಸ್ಪೀಟಾಡಿದಷ್ಟೇ ಪಾಪ. ಇಂಗ್ಲೆಂಡಿನ ಲ್ಯಾಂಕಾಷೈರಿನ ಗಿರಣಿ ಊರುಗಳಿಂದ ಕಳ್ಳತನದಲ್ಲಿ ಆಟಗಾರರನ್ನು ಕರೆದೊಯ್ಯಲು ಜನ ಬರುತ್ತಿದ್ದರು. ಅಂಥ ಒಬ್ಬನನ್ನು ಊರಿನವರು ಹಿಡಿದು ನದಿಗೆ ಎಸೆದು, ಅವನು ಕಾರ್ಖಾನೆಯ ನೀರು ಬೀಳುವ ಜಾಗದಲ್ಲಿ ಕೆಂಪಗೆ ಮೇಲೆದ್ದ ಕಥೆಯನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಆದರೂ ಒಂದು ಬೆಳಗ್ಗೆ ಮಾವ ಯಾರಿಗೂ ಹೇಳದೆ ರೈಲು ಹತ್ತಿದ್ದ. ಗ್ಲಾಸ್ಗೋದ ಫುಟ್‌ಬಾಲ್ ಸಂಘದವರು ಅವನಿಗೆ ನಮ್ಮ ದೇಶದ ಯಾವ ಮೈದಾನದಲ್ಲೂ ಕಾಲಿಡಕೂಡದೆಂದು ನಿಷೇಧ ಹಾಕಿದರು. ನನ್ನ ತಾತ ಸಾಯುವವರೆಗೂ ಮಗನ ಹೆಸರೆತ್ತಲಿಲ್ಲ. ಕೆಲವೇ ವರ್ಷಗಳಲ್ಲಿ ಆ ನಿಯಮವೇ ಬಿದ್ದುಹೋಗಿ ಎಲ್ಲರೂ ರಾಜಾರೋಷವಾಗಿ ಸಂಬಳ ತೆಗೆದುಕೊಂಡರು, ಆ ಮಾತು ಬೇರೆ.

ಮೂರನೇ ಕಪ್ಪಿನ ತಂಡದ ಫೋಟೋ ಮೈದಾನದ ಪೆವಿಲಿಯನ್ನಿನಲ್ಲಿ ತೂಗುಹಾಕಿತ್ತು. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಅಲ್ಲಿ ಚಹಾ ಕೊಡಲು ಹೋದಾಗ ಅದನ್ನು ಬೇಕಾದಷ್ಟು ನೋಡಿದ್ದೇನೆ. ಹಿಂದಿನ ಸಾಲಿನಲ್ಲಿ ಒಬ್ಬನ ಸೊಂಟದಿಂದ ಮೇಲಕ್ಕೆ ಕಂದು ಕಾಗದದ ಪಟ್ಟಿ ಅಂಟಿಸಿತ್ತು. ಅವನ ಮುಂದೆ, ಚೀಲ ಹಿಡಿದು ನಿಂತ ಹದಿನಾರರ ಹುಡುಗನೊಬ್ಬನ ಹೆಗಲ ಮೇಲೆ ಒಂದು ಕೈ ಮಾತ್ರ ಉಳಿದಿತ್ತು, ಯಾರದೂ ಅಲ್ಲದ ಕೈಯ ಹಾಗೆ. ಮಾವನ ಮೇಲೆ ಹಾಗೆ ಕಾಗದ ಅಂಟಿಸಿದವರು ಆ ತಂಡದ ಕ್ಯಾಪ್ಟನ್ ಗಿಲ್ಬರ್ಟ್ ಮ್ಯೂರ್. ನಾನು ಹೇಳುತ್ತಿರುವ ಹೊತ್ತಿಗೂ ಕ್ಲಬ್ಬಿನ ಸಮಿತಿಯಲ್ಲಿ ಅವರ ಮಾತೇ ಮಾತು. ಎಪ್ಪತ್ತರ ಮುದುಕರಾದರೂ ಊರಿಗೆಲ್ಲ ಅವರು ಕ್ಯಾಪ್ಟನ್ನರೇ.

ಮಾವನಿಗೆ ಎದೆಯ ರೋಗ. ಆಟ ನಿಂತ ಮೇಲೆ ಒಂದು ಹೆಂಡದಂಗಡಿ ಇಟ್ಟು, ಅದು ಕೈಬಿಟ್ಟು, ಹತ್ತಿ ಗಿರಣಿಯಲ್ಲಿ ದುಡಿದು, ಆ ಧೂಳನ್ನೆಲ್ಲ ಎದೆಯಲ್ಲಿ ತುಂಬಿಕೊಂಡು ಬಂದಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಬಂದ ಮೊದಲ ವಾರಗಳಲ್ಲಿ ಇನ್ನೂ ಓಡಾಡುತ್ತಿದ್ದ. ಸೇತುವೆಯ ಮೂಲೆಯಲ್ಲಿ ಕೆಲಸವಿಲ್ಲದೆ ನಿಲ್ಲುವ ಗಂಡಸರ ಹತ್ತಿರ ಹೋಗಿ ನಿಂತ. ಹಳಬರು ಕೈಯಲ್ಲಿದ್ದ ತಂಬಾಕಿನ ಪೈಪಿನ ಕಡೆ ನೋಡಿದರು, ನದಿಯ ಕಡೆ ನೋಡಿದರು. ಹೊಸಬರಿಗೆ ಅವನು ಯಾರೆಂದೇ ಗೊತ್ತಿರಲಿಲ್ಲ.

"ಏನ್ ತಾತ, ಇಂಗ್ಲೆಂಡಿನೋರ ಥರ ಮಾತಾಡ್ತೀಯ, ದಾರಿ ತಪ್ಪಿ ಬಂದ್ಯಾ?" ಎಂದು ಒಬ್ಬ ಕೇಳಿದನಂತೆ.

"ದಾರಿ ತಪ್ಪಿದ್ದು ಹೋಗುವಾಗ. ಬರುವಾಗ ಸರಿಯಾಗೇ ಬಂದೆ," ಎಂದನಂತೆ ಮಾವ. ಯಾರೂ ನಗಲಿಲ್ಲವಂತೆ.

ಶನಿವಾರ ಆಟ ನೋಡಲು ಹೋದ. ಕ್ಲಬ್ಬಿನ ಸ್ಥಿತಿ ಆಗ ನೋಡುವ ಹಾಗಿರಲಿಲ್ಲ. ಕಾರ್ಖಾನೆ ವಾರಕ್ಕೆ ಮೂರೇ ದಿನ ನಡೆಯುತ್ತಿತ್ತು. ಚೆನ್ನಾಗಿ ಆಡುವ ಹುಡುಗರು ಹದಿನೆಂಟು ತುಂಬುವ ಮೊದಲೇ ಗ್ಲಾಸ್ಗೋ ಸೇರುತ್ತಿದ್ದರು. ಮಳೆಯಲ್ಲಿ ಆರು ಗೋಲು ತಿಂದು ಸೋತ ಆಟವನ್ನು ಮಾವ ಕೊನೆಯವರೆಗೂ ನಿಂತು ನೋಡಿ, ಮುಗಿದ ಮೇಲೆ ಪೆವಿಲಿಯನ್ನಿನ ಬಾಗಿಲಿಗೆ ಹೋದ. ಅಲ್ಲಿ ಕ್ಯಾಪ್ಟನ್ ನಿಂತಿದ್ದರು.

"ಗಿಬ್," ಎಂದ ಮಾವ.

ಕ್ಯಾಪ್ಟನ್ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಒಳಗೆ ಹೋದರು. ಬಾಗಿಲು ಹಾಕಿಕೊಂಡರು.

ಅವತ್ತು ನೆನೆದು ಬಂದವನು ಆಮೇಲೆ ಮನೆಯ ಮೆಟ್ಟಿಲಿಳಿಯಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಗೂಡು ಬಿಟ್ಟು ಮಾಡಿದ ಹಾಸಿಗೆಯನ್ನು ಅಮ್ಮ ಅವನಿಗೆ ಬಿಟ್ಟುಕೊಟ್ಟಳು. ಬೆಂಕಿಗೆ ಹತ್ತಿರ ಅದೇ. ಜನವರಿಯಲ್ಲಿ ಡಾಕ್ಟರು ನನ್ನನ್ನು ಮೆಟ್ಟಿಲವರೆಗೆ ಕರೆದು, ವಸಂತ ಕಾಣುವುದು ಕಷ್ಟ ಎಂದರು. ಮಾವನಿಗೆ ಹೇಳಬೇಕಾಗಲಿಲ್ಲ.

"ಐಸಾ, ನನಗೊಂದೇ ಆಸೆ ಕಣೇ," ಎಂದ. "ಆ ಕಾಗದ ತೆಗೆಸು. ಕಪ್ ಕೊಡು ಅಂತಲ್ಲ, ಹೆಸರು ಹೇಳು ಅಂತಲ್ಲ. ಗೋಡೆ ಮೇಲೆ ಹತ್ತು ಜನರ ಜೊತೆ ನಾನೂ ಇದ್ರೆ ಸಾಕು. ನಾನು ಹೋಗಿ ಕೇಳಿದ್ರೆ ಅವನು ಬಾಗಿಲು ಹಾಕ್ತಾನೆ. ನೀನು ಹೋಗು."

ಹೋದೆ. ಕ್ಯಾಪ್ಟನ್ ಒಬ್ಬರೇ ಇದ್ದರು, ಮದುವೆಯಾದವರಲ್ಲ. ಬಟ್ಟೆಗೆ ಚಿತ್ರ ಒತ್ತುವ ಮರದ ಅಚ್ಚು ಕೆತ್ತುವುದು ಅವರ ಕಸುಬಾಗಿತ್ತು. ಯಂತ್ರ ಬಂದು ಆ ಕಸುಬು ಹೋದ ಮೇಲೂ ಮೇಜಿನ ಮೇಲೆ ಉಳಿಗಳು ಸಾಲಾಗಿದ್ದವು. ನನಗೆ ಕುರ್ಚಿ ಕೊಟ್ಟರು.

"ಕ್ಯಾಪ್ಟನ್ನರೇ, ಮಾವ ಬಹಳ ದಿನ ಇರಲ್ಲ," ಎಂದೆ. "ಸಂಬಳ ತಗೊಂಡು ಆಡಿದ್ದು ತಪ್ಪೇ ಇರಬಹುದು. ಆದ್ರೆ ಆಮೇಲೆ ಎಲ್ಲರೂ ತಗೊಂಡ್ರಲ್ಲ? ನೀವೇ ಸಮಿತಿಯಲ್ಲಿ ಕೂತು ಕೊಟ್ಟಿದೀರ. ಇನ್ನೂ ಯಾಕೆ ಈ ಹಗೆ?"

"ಸಂಬಳಕ್ಕೆ ಅಂತ ಯಾರು ಹೇಳಿದ್ರಮ್ಮ ನಿನಗೆ?"

"ಊರೇ ಹೇಳತ್ತೆ."

"ಊರು ಹೇಳತ್ತೆ." ಅವರು ಒಂದು ಉಳಿಯನ್ನು ಎತ್ತಿ, ಅದರ ಬಾಯಿಯನ್ನು ಹೆಬ್ಬೆರಳಿಂದ ಸವರಿ ಕೆಳಗಿಟ್ಟರು. "ಅವನು ಓಡಿಹೋದಾಗ ನಾನು ಏನೂ ಅಂಟಿಸಲಿಲ್ಲ. ಬೈದೆ, ಅಷ್ಟೇ. ಮಾರನೇ ವರ್ಷ ಅಂಟಿಸಿದೆ. ಫೋಟೋದಲ್ಲಿ ಅವನ ಮುಂದೆ ನಿಂತಿದಾನಲ್ಲ ಹುಡುಗ, ಅವನು ನನ್ನ ತಮ್ಮ ವಾಟಿ. ನಿನ್ನ ಮಾವ ಅಂದ್ರೆ ಅವನಿಗೆ ದೇವರು. ಅವನ ಬೂಟು ಒರೆಸೋನು, ಅವನ ಥರ ಟೋಪಿ ಇಡೋನು. 'ಬಾ, ಇಲ್ಲಿ ನಿನಗೂ ಜಾಗ ಮಾಡಿದೀನಿ' ಅಂತ ನಿನ್ನ ಮಾವ ಕರೆಸ್ಕೊಂಡ. ನಮ್ಮಮ್ಮ ಬೇಡ ಅಂದ್ಲು. ಹೋದ. ಆರು ತಿಂಗಳಿಗೆ ಸತ್ತ ಅಂತ ತಂತಿ ಬಂತು. ಅದೂ ಯಾರೋ ಬಾಡಿಗೆ ಮನೆಯಾಕೆ ಕಳಿಸಿದ್ದು. ಎಲ್ಲಿ ಹೂತ್ರಿ ಅಂತ ಡಂಕನ್‌ಗೆ ಕೇಳಿ ಕಳಿಸಿದೆ. ಮತ್ತೆ ಕೇಳಿ ಕಳಿಸಿದೆ. ಉತ್ತರವೇ ಇಲ್ಲ. ನಮ್ಮಮ್ಮ ಅದನ್ನೇ ಕೇಳ್ತಾ ಕೇಳ್ತಾ ಹೋದ್ಲು."

ನಾನು ಕುರ್ಚಿಯಿಂದ ಎದ್ದೆ.

"ಕಾಗದದ್ದು ಬಿಡು," ಎಂದರು. "ಎಲ್ಲಿ ಹೂತಿದಾನೆ ಅಂತ ನನ್ನ ಮುಖ ನೋಡಿ ಹೇಳ್ಲಿ. ಭಾನುವಾರ ಚರ್ಚು ಮುಗಿಸಿ ಬರ್ತೀನಿ."

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದವಳು ಚಾಕು ನಿಲ್ಲಿಸಲಿಲ್ಲ. "ವಾಟಿ ವಿಷಯ ತಾನೆ? ಗೊತ್ತು. ನನಗಿಂತ ಒಂದು ವರ್ಷ ದೊಡ್ಡವನು. ಶಾಲೆಗೆ ಹೋಗುವಾಗ ಹೊಳೆ ಹತ್ರ ನನ್ನ ಚೀಲ ಅವನೇ ಎತ್ಕೊಳ್ತಿದ್ದ," ಎಂದಳು. ಆಮೇಲೆ ಅದೇ ದನಿಯಲ್ಲಿ, "ಭಾನುವಾರಕ್ಕೆ ಒಳ್ಳೆ ಬಟ್ಟಲು ತೆಗೆದಿಡು," ಎಂದಳು.

ಭಾನುವಾರ ಕ್ಯಾಪ್ಟನ್ ಕಪ್ಪು ಕೋಟಿನಲ್ಲಿ ಬಂದರು. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತರು. ಮಾವನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದೆ, ಗಡ್ಡ ತೆಗೆದಿದ್ದೆ.

"ಮುದುಕ ಆಗಿದೀಯ ಗಿಬ್."

"ನೀನೇನು ಹುಡುಗನಾ?" ಎಂದರು ಕ್ಯಾಪ್ಟನ್. "ಹೇಳು, ಡಂಕನ್."

ಮಾವ ಹೇಳಿದ. ಉಸಿರಿಗೆ ನಿಂತು ನಿಂತು ಹೇಳಿದ. ಒಂದು ಆಟದಲ್ಲಿ ವಾಟಿಯ ಮೊಣಕಾಲಿನ ಕೆಳಗೆ ಯಾರದೋ ಬೂಟು ತಾಗಿ ಸೀಳಿತು. ದೊಡ್ಡ ಗಾಯವೇನಲ್ಲ. ಹುಡುಗ ನಕ್ಕ, ಅದರ ಮೇಲೇ ಆಡಿದ. ಮೂರ್ನಾಲ್ಕು ದಿನಕ್ಕೆ ಕಾಲು ಊದಿ ಕಪ್ಪಾಯಿತು. ಜ್ವರದಲ್ಲಿ ಅಮ್ಮನನ್ನು ಕರೆದ, ಅಣ್ಣನನ್ನು ಕರೆದ. ಗುರುವಾರ ಹೋದ. ಶನಿವಾರ ಮಧ್ಯಾಹ್ನ ಮಣ್ಣು.

"ನೀನು ಹೆಗಲು ಕೊಟ್ಟೆ ತಾನೆ?" ಎಂದರು ಕ್ಯಾಪ್ಟನ್.

ಮಾವ ಕಂಬಳಿಯ ಅಂಚನ್ನು ಹಿಡಿದುಕೊಂಡ. "ಶನಿವಾರ ಆಟ ಇತ್ತು, ಗಿಬ್."

"ಆಟ ಇತ್ತು."

"ಕಪ್ ಆಟ. ಬರದೆ ಹೋದ್ರೆ ಮತ್ತೆ ಬರೋದೇ ಬೇಡ ಅಂದ್ರು. ಹೋದೆ. ಊರ ಸ್ಮಶಾನದಲ್ಲಿ ಬಡವರನ್ನೆಲ್ಲ ಹೂಳೋ ಜಾಗ ಇದೆ, ಒಂದು ಗುಡ್ಡದ ಇಳಿಜಾರು. ಅಲ್ಲಿ. ಸೋಮವಾರ ಹೋಗಿ ನೋಡ್ದೆ. ಕಲ್ಲಿಲ್ಲ, ಗುರುತಿಲ್ಲ. ಕಾವಲುಗಾರ 'ಅಲ್ಲೆಲ್ಲೋ' ಅಂತ ಕೈ ತೋರಿಸ್ದ. ನೀನು ಕೇಳಿ ಕಳಿಸಿದಾಗ ಏನಂತ ಹೇಳ್ಲಿ? ಗೊತ್ತಿಲ್ಲ ಅಂತ ಹೇಳ್ಬೇಕಿತ್ತು. ಹೇಳೋಕೆ ಆಗ್ಲಿಲ್ಲ."

ಒಲೆಯಲ್ಲಿ ಇದ್ದಿಲು ಕುಸಿಯಿತು. ಅಮ್ಮ ಎದ್ದು ಅದನ್ನು ಕೆದಕಲಿಲ್ಲ.

"ಗೋಲು ಹೊಡೆದ್ಯಾ?" ಎಂದರು ಕ್ಯಾಪ್ಟನ್.

"ಗಿಬ್, ಬೇಡ."

"ಕೇಳ್ತಿದೀನಿ. ಅವನನ್ನ ಮಣ್ಣಿಗಿಡೋ ಹೊತ್ತಿಗೆ ನೀನು ಗೋಲು ಹೊಡೆದ್ಯಾ?"

"ಹೊಡೆದೆ," ಎಂದ ಮಾವ. "ಒಂದು."

ಕ್ಯಾಪ್ಟನ್ ತಲೆಯಾಡಿಸಿದರು, ಯಾರೋ ದಾರಿ ಹೇಳಿದಾಗ ತಿಳಿಯಿತೆಂದು ತಲೆಯಾಡಿಸುವ ಹಾಗೆ. ಅಮ್ಮ ಬಗ್ಗಿಸಿದ ಚಹಾ ಹಾಗೇ ಇತ್ತು. ಎದ್ದು ಟೋಪಿ ಇಟ್ಟುಕೊಂಡು, "ಸುಳ್ಳು ಹೇಳೋಕೆ ನಿನಗೆ ಆಗಲೂ ಬರ್ತಿರ್ಲಿಲ್ಲ," ಎಂದರು. "ಈಗಲಾದ್ರೂ ಕಲ್ತಿರ್ತೀಯ ಅಂದ್ಕೊಂಡು ಬಂದೆ."

ನಾನು ಮೆಟ್ಟಿಲವರೆಗೆ ಹೋದೆ. ಕೆಳಗಿನ ತಿರುವಿನಲ್ಲಿ ಅವರು ನಿಂತು, ತಿರುಗದೆಯೇ ಹೇಳಿದರು. "ಮಂಗಳವಾರ ಸಮಿತಿ ಇದೆ. ಕ್ಲಬ್ ಮುಚ್ತೀವಿ. ಇನ್ನು ಎರಡು ವಾರಕ್ಕೆ ಪೆವಿಲಿಯನ್ ಖಾಲಿ ಮಾಡ್ಬೇಕು. ಶನಿವಾರ ಬಾ, ಕಾಗದ ತೆಗೀತೀನಿ. ಅವನಿಗೋಸ್ಕರ ಅಲ್ಲ. ನನ್ನ ತಮ್ಮನ ಹೆಗಲ ಮೇಲೆ ಮೈಯಿಲ್ಲದ ಕೈ ಇಟ್ಟು ಮುಚ್ಚೋಕೆ ನನಗೆ ಇಷ್ಟ ಇಲ್ಲ."

ಕ್ಲಬ್ ಮುಚ್ಚಿತು. ಲೀಗಿಗೆ ತಿಳಿಸಿದರು, ಉಳಿದ ಆಟಗಳನ್ನು ರದ್ದು ಮಾಡಿದರು. ಪತ್ರಿಕೆಯಲ್ಲಿ ಕುದುರೆ ರೇಸಿನ ಕೆಳಗೆ ನಾಲ್ಕು ಸಾಲು ಬಂತು. ಊರಿನವರು ಬೈದರು. ಆದರೆ ಹಾಗೆ ಬೈದ ಬಹಳ ಜನ ಮೈದಾನದ ಕಡೆ ತಲೆಹಾಕಿ ವರ್ಷಗಳಾಗಿದ್ದವು.

ಶನಿವಾರ ನಾನು ಹೋದಾಗ ಪೆವಿಲಿಯನ್ನಿನಲ್ಲಿ ಕ್ಯಾಪ್ಟನ್ ಒಬ್ಬರೇ ಇದ್ದರು. ಬೆಂಚು, ಬೂಟು, ಬಲೆ ಎಲ್ಲ ಒಂದು ಮೂಲೆಗೆ ಸೇರಿದ್ದವು. ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ ಮೇಜಿನ ಮೇಲೆ ಮಲಗಿಸಿದ್ದರು. ಕೆಟಲಿನ ಹಬೆ ಹಿಡಿದು, ಒದ್ದೆ ಬಟ್ಟೆ ಇಟ್ಟು ಕಾದು, ಮರ ಕೆತ್ತುವ ತೆಳುವಾದ ಚಾಕುವಿನಿಂದ ಕಾಗದದ ತುದಿಯನ್ನು ಎತ್ತಿದರು. ಮೊದಲು ಸೊಂಟ ಬಂತು, ಅಂಗಿಯ ಎರಡು ಗುಂಡಿ ಬಂತು. ನಾನು ಉಸಿರು ಬಿಟ್ಟೆ. ಆಮೇಲೆ ಕಾಗದದ ಹಿಂಬದಿಯಲ್ಲಿ ಏನೋ ಕಪ್ಪಗೆ ಕಂಡಿತು. ಕ್ಯಾಪ್ಟನ್ ನಿಲ್ಲಿಸಿದರು. ಮತ್ತೆ ಹಬೆ ಹಿಡಿದರು, ಬೇರೆ ಕಡೆಯಿಂದ ಎತ್ತಿ ನೋಡಿದರು. ಎಲ್ಲಿಂದ ಎತ್ತಿದರೂ ಚಿತ್ರವೇ ಕಾಗದದ ಜೊತೆ ಕಿತ್ತು ಬರುತ್ತಿತ್ತು. ಕೊನೆಗೆ ಪಟ್ಟಿ ಪೂರ್ತಿ ಕೈಗೆ ಬಂದಾಗ, ಎದೆಯಿಂದ ಮೇಲಕ್ಕೆ ಬಿಳಿ ಗಾಯದಂತೆ ಬರಿ ರಟ್ಟು ಉಳಿದಿತ್ತು. ಮುಖ ಇರಲಿಲ್ಲ.

"ಅಂಟು ನಾನೇ ಕುದಿಸಿದ್ದು," ಎಂದರು ಕ್ಯಾಪ್ಟನ್. "ಗೋಂದು ಸೇರಿಸಿದ್ದೆ. ಬಿಡಬಾರದು ಅಂತ."

ಆ ಕಾಗದವನ್ನು ಒಲೆಗೆ ಹಾಕಿದರು. ಫೋಟೋವನ್ನು ಏನು ಮಾಡಬೇಕೆಂದು ತಿಳಿಯದೆ ಬಹಳ ಹೊತ್ತು ಹಿಡಿದುಕೊಂಡು ನಿಂತಿದ್ದರು. ನಾನು ಅವರನ್ನು ಹಾಗೇ ಬಿಟ್ಟು ಬಂದೆ.

ಮಾವ ಬಾಗಿಲ ಕಡೆಯೇ ನೋಡುತ್ತಿದ್ದ. "ತೆಗೆದ್ನಾ?"

"ತೆಗೆದ್ರು ಮಾವ."

"ಚೆನ್ನಾಗಿ ಬಂತಾ?"

"ಚೆನ್ನಾಗಿ ಬಂತು. ನಿನ್ನೆ ತೆಗೆದಂಗಿದೆ."

ಅವನ ಮುಖದಲ್ಲಿ ಏನೋ ಸಡಿಲವಾಯಿತು. ದಿಂಬಿಗೆ ತಲೆ ಬಿಟ್ಟು ಕಣ್ಣು ಮುಚ್ಚಿದ. "ಹೇಗೆ ಕಾಣ್ತೀನಿ ಹೇಳು. ಮರೆತೇ ಹೋಗಿದೆ."

"ಒಳ್ಳೆ ಜೋರಾಗಿ ಕಾಣ್ತೀಯ. ಎದೆ ಉಬ್ಬಿಸ್ಕೊಂಡು, ಮೀಸೆ ತಿರುವ್ಕೊಂಡು..."

ಬಾನಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಅಮ್ಮ ಬೆನ್ನು ತಿರುಗಿಸಿಕೊಂಡೇ, "ನಿನಗೆ ಆಗ ಮೀಸೆ ಎಲ್ಲಿತ್ತು ಡಂಕನ್?" ಎಂದುಬಿಟ್ಟಳು.

ಬಂದಂದಿನಿಂದ ಅವಳು ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಆಡಿದ ಮೇಲೆ ಏನು ಮಾಡಿದೆನೆಂದು ಅವಳಿಗೆ ಹೊಳೆಯಿತು. ಒದ್ದೆ ಕೈಯಲ್ಲೇ ತಿರುಗಿ ನನ್ನನ್ನು ನೋಡಿದಳು. ಮಾವ ಕಣ್ಣು ತೆರೆದಿದ್ದ. ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. "ಇರಲಿ ಬಿಡು ಮಗಳೇ," ಎಂದು ಗೋಡೆಯ ಕಡೆ ಹೊರಳಿದ.

ಆಮೇಲೆ ಬದುಕಿದ್ದ ವಾರಗಳಲ್ಲಿ ಅವನು ಕ್ಲಬ್ಬಿನ ಮಾತೆತ್ತಲಿಲ್ಲ. ಅಮ್ಮ ಈಗ ಅವನ ಜೊತೆ ಮಾತಾಡುತ್ತಿದ್ದಳು. ಗಂಜಿ ಕುಡಿ ಎನ್ನುತ್ತಿದ್ದಳು, ದಿಂಬು ಸರಿಮಾಡಲಾ ಎನ್ನುತ್ತಿದ್ದಳು, ಹಳೆಯ ನೆರೆಯವರ ಸುದ್ದಿ ತೆಗೆಯುತ್ತಿದ್ದಳು. ಅವನು ಎಲ್ಲದಕ್ಕೂ "ಹೂಂ" ಎನ್ನುತ್ತಿದ್ದ. ಮಾರ್ಚಿನ ಮೊದಲ ವಾರ, ಬೆಳಗಿನ ಚಹಾ ಆರುವಷ್ಟರಲ್ಲಿ ಹೋದ.

ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಪರದೆ ಎಳೆದ ಮನೆಯಲ್ಲಿ ಹಂದಿ ಮಾಂಸ ಕತ್ತರಿಸಿ, ಗ್ಲಾಸು ಒರೆಸಿ ಕಾಯುತ್ತೇವೆ. ಶವಪೆಟ್ಟಿಗೆಯನ್ನು ಕುಣಿಗೆ ಇಳಿಸಲು ಹಗ್ಗ ಹಿಡಿಯುವವರು ಯಾರು ಯಾರೆಂದು ಮನೆಯವರೇ ಮೊದಲು ಹೇಳಿ ಕಳಿಸಬೇಕು. ತಲೆಯ ಕಡೆಯದು ರಕ್ತಸಂಬಂಧಿಗೆ, ಕಾಲಿನ ಕಡೆಯದು ಅವರಷ್ಟೇ ಹತ್ತಿರದವನಿಗೆ. ಮಾವನ ರಕ್ತಸಂಬಂಧಿ ಗಂಡಸರು ಯಾರೂ ಉಳಿದಿರಲಿಲ್ಲವಾಗಿ, ತಲೆಯ ಹಗ್ಗಕ್ಕೆ ತೀರಿಕೊಂಡ ನನ್ನ ಅಪ್ಪನ ಕಡೆಯ ಚಿಕ್ಕಪ್ಪನ ಹೆಸರಾಯಿತು. ಕಾಲಿನ ಹಗ್ಗಕ್ಕೆ ಅಮ್ಮ, ಯಾರನ್ನೂ ಕೇಳದೆ, ಗಿಲ್ಬರ್ಟ್ ಮ್ಯೂರ್ ಎಂದಳು.

ಅಲ್ಲಿ ನಡೆದದ್ದನ್ನು ಚಿಕ್ಕಪ್ಪ ಬಂದು ಹೇಳಿದ. ಕ್ಯಾಪ್ಟನ್ ಬಂದಿದ್ದರು. ಪೆಟ್ಟಿಗೆಯ ಹಿಂದೆ ಇಡೀ ದಾರಿ ನಡೆದಿದ್ದರು. ಪೆಟ್ಟಿಗೆಯ ಮೇಲೆ ನಾನಿಟ್ಟಿದ್ದ ನೀಲಿ ಟೋಪಿಯನ್ನು ಗಾಳಿಗೆ ಹಾರದ ಹಾಗೆ ಅವರೇ ಒಂದು ಸಲ ಸರಿಪಡಿಸಿದರಂತೆ. ಹೆಸರು ಕೂಗಿದಾಗ ಒಬ್ಬೊಬ್ಬರೇ ಮುಂದೆ ಬಂದು ಹಗ್ಗ ಹಿಡಿದರು. ಅವರ ಹೆಸರು ಕೂಗಿದರು. ಅವರು ನಿಂತಲ್ಲೇ ನಿಂತಿದ್ದರು. ಮತ್ತೆ ಕೂಗಿದರು. ಎರಡೂ ಕೈ ಕೋಟಿನ ಜೇಬಿನಲ್ಲಿತ್ತು, ಹೊರಗೆ ಬರಲಿಲ್ಲ. ಪಾದ್ರಿ ಕೆಮ್ಮಿದರು. ಕೊನೆಗೆ ಶವಪೆಟ್ಟಿಗೆ ಅಂಗಡಿಯವನ ಆಳೇ ಬಂದು ಆ ಹಗ್ಗ ಹಿಡಿದು ಇಳಿಸಿದನಂತೆ.

"ಬಾರದೇ ಇದ್ದಿದ್ರೆ ಚೆನ್ನಾಗಿತ್ತು," ಎಂದ ಚಿಕ್ಕಪ್ಪ, ಗ್ಲಾಸು ಎತ್ತುತ್ತ.

"ಬಂದ್ನಲ್ಲ," ಎಂದಳು ಅಮ್ಮ.

ಜುಲೈಯಲ್ಲಿ ಕಾರ್ಖಾನೆಗೆ ವಾರ್ಷಿಕ ರಜೆ ಬಿದ್ದಾಗ ಊರಿನವರೆಲ್ಲ ಸಮುದ್ರದ ಕಡೆ ಹೋದರು. ಕ್ಯಾಪ್ಟನ್ ಒಬ್ಬರೇ ಇಂಗ್ಲೆಂಡಿನ ರೈಲು ಹತ್ತಿದರು. ಜೀವಮಾನದಲ್ಲಿ ಗಡಿ ದಾಟಿದವರಲ್ಲ. ವಾಪಸು ಬಂದ ಮೇಲೆ ಸೇತುವೆಯ ಹತ್ತಿರ ನನಗೆ ಎದುರಾದರು. ಬೂಟಿಗೆ ಇನ್ನೂ ಆ ಊರಿನ ಒಣಗಿದ ಮಣ್ಣಿತ್ತು.

"ಹೋಗಿದ್ರಂತೆ. ಜಾಗ ಸಿಕ್ತಾ?" ಎಂದೆ.

"ಗುಡ್ಡ ಸಿಕ್ತು," ಎಂದರು. "ಬಹಳ ದೊಡ್ಡ ಗುಡ್ಡ ಐಸಾ. ಹುಲ್ಲು ನೀಟಾಗಿ ಕತ್ತರಿಸಿಟ್ಟಿದಾರೆ. ಈ ತುದಿಯಿಂದ ಆ ತುದಿವರೆಗೂ ನಡೆದೆ. ಎಲ್ಲಿ ಕಾಲಿಟ್ರೂ ಅವನ ಮೇಲೇ ಇಟ್ನೇನೋ ಅನ್ನಿಸ್ತಿತ್ತು. ಅದಕ್ಕೆ ವಾಪಸ್ ಬಂದ್ಬಿಟ್ಟೆ."